ಪ್ರೈಮರಿ ಬಿದ್ದ ಗಳಿಗೆಯಲ್ಲೇ ಕೈಬಿಡುವ ಪಿಜಿಬೆಂಚ್

ಮೊದಲು ದೂರನ್ನೇ ಹೇಳಿಬಿಡುತ್ತೇನೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೂರು ನೋಡ್‌ಗಳ (ಯಂತ್ರಗಳ) ಕ್ಲಸ್ಟರ್: ಬರಹ ಸ್ವೀಕರಿಸುವ ಪ್ರೈಮರಿ ಒಂದು, ಅದರ ನಕಲುಗಳಾದ ರೆಪ್ಲಿಕಾ ಎರಡು. ಪ್ರೈಮರಿ ಬಿದ್ದರೆ ರೆಪ್ಲಿಕಾವನ್ನು ಅದರ ಜಾಗಕ್ಕೆ ಏರಿಸುವುದು (ಫೇಲ್‌ಓವರ್) ಪಾಟ್ರೋನಿ, ಈಗಿನ ಪ್ರೈಮರಿ ಯಾವುದೆಂಬ ದಾಖಲೆ ಇಡುವುದು ಇಟಿಸಿಡಿ, ಕ್ಲೈಂಟ್‌ಗಳನ್ನು ಅದರತ್ತ ಕಳಿಸುವ ಪ್ರಾಕ್ಸಿ ಎಚ್‌ಎಪ್ರಾಕ್ಸಿ. ಈ ಕ್ಲಸ್ಟರ್ ಮೇಲೆ ಪಿಜಿಬೆಂಚ್, ಅಂದರೆ ಪೋಸ್ಟ್‌ಗ್ರೆಸ್ ಜೊತೆಗೆ ಬರುವ, ಲೋಡ್ ಹಾಕಿ ವೇಗ ಅಳೆಯುವ ಉಪಕರಣ, ಓಡುತ್ತಿದೆ. ಪ್ರೈಮರಿ ಯಂತ್ರದ ಪವರ್ ವೈರ್ ಕಿತ್ತರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಹೊಸ ಪ್ರೈಮರಿ ಎದ್ದು ನಿಲ್ಲುತ್ತದೆ. ಪಿಜಿಬೆಂಚ್ ಮಾತ್ರ ಏಳುವುದಿಲ್ಲ. ಪ್ರಾಕ್ಸಿ ಹಳೆಯ ಸಂಪರ್ಕ ಮುಚ್ಚಿದ ಕೂಡಲೇ ಪ್ರತಿ ಕ್ಲೈಂಟೂ (ಪಿಜಿಬೆಂಚ್ ನಟಿಸುವ ಒಬ್ಬೊಬ್ಬ ಬಳಕೆದಾರ) ಅಬಾರ್ಟ್ ಎಂದು ಬರೆದು ಹೊರಬೀಳುತ್ತದೆ, ಕೊನೆಗೆ ‘ಫಲಿತಾಂಶ ಅಪೂರ್ಣ’ ಎಂಬರ್ಥದ ಸಾಲೊಂದು ಬಂದು ಓಟ ಮುಗಿಯುತ್ತದೆ. ಕ್ಲಸ್ಟರ್ ಕಟ್ಟಿದ್ದೇ ಯಾವ 30 ಸೆಕೆಂಡನ್ನು ನೋಡುವುದಕ್ಕೋ ಆ 30 ಸೆಕೆಂಡಿಗೆ ಅಳತೆಯೇ ಇಲ್ಲ.

ಪೋಸ್ಟ್‌ಗ್ರೆಸ್ ಆವೃತ್ತಿ 15ರಲ್ಲಿ ಬಂದ ಮ್ಯಾಕ್ಸ್-ಟ್ರೈಸ್ ಆಯ್ಕೆಯಿಂದ ಇದು ಸರಿಹೋಗುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಅದು ಸೀರಿಯಲೈಸೇಶನ್ ಮತ್ತು ಡೆಡ್‌ಲಾಕ್ ದೋಷಗಳಿಗೆ, ಅಂದರೆ ಟ್ರಾನ್ಸಾಕ್ಷನ್‌ಗಳು (ಡೇಟಾಬೇಸ್ ಒಂದೇ ಘಟಕವಾಗಿ ಮಾಡುವ ಕೆಲಸಗಳು) ಒಂದಕ್ಕೊಂದು ಅಡ್ಡಬಂದಾಗಿನ ದೋಷಗಳಿಗೆ ಮಾತ್ರ ಮರುಪ್ರಯತ್ನ ಮಾಡುತ್ತದೆ. ಪ್ರತಿ ಟ್ರಾನ್ಸಾಕ್ಷನ್‌ಗೂ ಹೊಸ ಸಂಪರ್ಕ ತೆರೆಯುವ -ಸಿ (ದೊಡ್ಡಕ್ಷರ) ಹಾಕಿದರೂ, ಸಂಪರ್ಕ ಸಿಗದ ಮೊದಲ ಸಲವೇ ಕ್ಲೈಂಟ್ ಸೋತು ಕೂರುತ್ತದೆ.

ಇಷ್ಟಾದರೂ ವರ್ಷಗಳಿಂದ ಇದನ್ನು ಬಿಟ್ಟಿಲ್ಲ. ಕಾರಣ ಒಂದೇ, -ಆರ್ ಆಯ್ಕೆ, ಅದೂ ದೊಡ್ಡಕ್ಷರದ್ದು. ಸೆಕೆಂಡಿಗೆ ಇಷ್ಟೇ ಟ್ರಾನ್ಸಾಕ್ಷನ್ ಎಂದು ಇದರಲ್ಲಿ ದರ ಕಟ್ಟಬಹುದು. 16 ಕ್ಲೈಂಟ್‌ಗಳ ಓಟದಲ್ಲಿ ಡಿಸ್ಕ್ 5 ಸೆಕೆಂಡ್ ನಿಂತುಹೋಯಿತು ಅನ್ನಿ. ದರ ಕಟ್ಟದೆ ಓಡಿಸಿದರೆ ಆ 16 ಕ್ಲೈಂಟ್‌ಗಳು ತಲಾ ಒಂದೊಂದು ನಿಧಾನದ ಟ್ರಾನ್ಸಾಕ್ಷನ್ ದಾಖಲಿಸಿ ಸುಮ್ಮನಾಗುತ್ತವೆ. 30 ನಿಮಿಷದ 36 ಲಕ್ಷ ಟ್ರಾನ್ಸಾಕ್ಷನ್‌ಗಳಲ್ಲಿ 16 ಯಾರ ಕಣ್ಣಿಗೆ ಬೀಳುತ್ತವೆ? ಅದೇ ಸೆಕೆಂಡಿಗೆ 2000 ಎಂದು ದರ ಕಟ್ಟಿದ್ದರೆ, ಆ 5 ಸೆಕೆಂಡಿನಲ್ಲಿ ಬರಬೇಕಿದ್ದ 10,000 ಟ್ರಾನ್ಸಾಕ್ಷನ್‌ಗಳೂ ಸಾಲಿನಲ್ಲಿ ನಿಂತು, ಕಾದ ಹೊತ್ತೂ ಲೇಟೆನ್ಸಿಗೆ (ಉತ್ತರ ಬರಲು ಹಿಡಿದ ಸಮಯಕ್ಕೆ) ಸೇರುತ್ತದೆ. 99.9ನೇ ಪರ್ಸೆಂಟೈಲ್‌ನಲ್ಲಿ (ಸಾವಿರದಲ್ಲಿ 999 ಟ್ರಾನ್ಸಾಕ್ಷನ್‌ಗಳು ಯಾವ ಸಮಯದೊಳಗೆ ಮುಗಿದವೋ ಆ ಸಮಯ) ಅದು ಎದ್ದು ಕಾಣುತ್ತದೆ. ಬಳಕೆದಾರ ನಿಜವಾಗಿ ಕಾದ ಸಮಯ ಇದೇ. ಲೇಟೆನ್ಸಿಯನ್ನು ಟ್ರಾನ್ಸಾಕ್ಷನ್ ಶುರುವಾದ ಕ್ಷಣದಿಂದಲ್ಲ, ಶುರುವಾಗಬೇಕಿದ್ದ ಕ್ಷಣದಿಂದ ಲೆಕ್ಕ ಹಾಕುವ ಈ ಪ್ರಾಮಾಣಿಕತೆ ಪೋಸ್ಟ್‌ಗ್ರೆಸ್ ಜೊತೆಗೇ ಪುಕ್ಕಟೆಯಾಗಿ ಬರುತ್ತದೆ.

ಸ್ಕೇಲ್, ಥ್ರೆಡ್, ಕ್ಲೈಂಟ್ ಅಂದರೇನು ಎಂಬುದು ಕೈಪಿಡಿಯಲ್ಲಿದೆ. ಒಂದೇ ಎಚ್ಚರ: ಸ್ಕೇಲ್ (ಪರೀಕ್ಷಾ ಡೇಟಾದ ಗಾತ್ರ) ಯಾವಾಗಲೂ ಕ್ಲೈಂಟ್‌ಗಳ ಸಂಖ್ಯೆಗಿಂತ ಹೆಚ್ಚಿರಲಿ. ಸ್ಕೇಲ್ 1 ಇದ್ದರೆ ಬ್ರಾಂಚಸ್ ಟೇಬಲ್‌ನಲ್ಲಿ ಇರುವುದು ಒಂದೇ ಸಾಲು. 50 ಕ್ಲೈಂಟ್‌ಗಳು ಆ ಒಂದು ಸಾಲಿನ ಲಾಕ್‌ಗೆ ಕಾಯುವುದನ್ನು ಅಳೆದು ಡಿಸ್ಕ್ ನಿಧಾನ ಎಂದು ಬರೆದುಕೊಳ್ಳುವವರಿದ್ದಾರೆ.

ದಿನದ ಕ್ರಮ ಹೀಗಿದೆ. ಸ್ಕೇಲ್ 300ರಲ್ಲಿ ಡೇಟಾ ತುಂಬಿಸುವುದು, ಸುಮಾರು ನಾಲ್ಕೂವರೆ ಜಿಬಿ. ಆಮೇಲೆ ವ್ಯಾಕ್ಯೂಮ್ ಅನಲೈಜ್ (ಟೇಬಲ್ ಶುಚಿ ಮಾಡಿ ಅಂಕಿಅಂಶ ಹೊಸದಾಗಿಸುವುದು), ಆಮೇಲೆ ಕೈಯಾರೆ ಒಂದು ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುವುದು). ಎರಡೂ ರೆಪ್ಲಿಕಾಗಳು ಸ್ಟ್ರೀಮಿಂಗ್ ಸ್ಥಿತಿಯಲ್ಲಿವೆಯೇ, ಲ್ಯಾಗ್ (ಹಿಂದೆ ಬಿದ್ದ ಪ್ರಮಾಣ) ಸೊನ್ನೆಯೇ ಎಂದು ಪಾಟ್ರೋನಿಸಿಟಿಎಲ್ ಲಿಸ್ಟ್ ಕಮಾಂಡಿನಲ್ಲಿ ನೋಡಿಕೊಂಡು, ದರವಿಲ್ಲದೆ 10 ನಿಮಿಷ ಓಡಿಸಿ ಮೇಲಿನ ಮಿತಿ ಹಿಡಿಯುವುದು. ಮಿತಿ 3000 ಬಂದರೆ ದರ 2000. ನಂತರ 30 ನಿಮಿಷದ ಓಟ, ಮೂರು ಸಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಚೆಕ್‌ಪಾಯಿಂಟ್ 5 ನಿಮಿಷಕ್ಕೊಮ್ಮೆ ಬರುತ್ತದೆ. ಅದು ಶುರುವಾದ ಮೇಲೆ ಪ್ರತಿ ಪುಟವನ್ನೂ ಮೊದಲ ಸಲ ಬದಲಿಸಿದಾಗ ಇಡೀ ಪುಟವೇ ವಾಲ್‌ಗೆ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್‌ಗೆ) ಹೋಗಿ ಆ ಲಾಗ್ ಉಬ್ಬುತ್ತದೆ. ಈ ಏರಿಳಿತ ಹಲವು ಸಲ ಬಂದು ಹೋಗದೆ ಸಿಕ್ಕ ಸಂಖ್ಯೆಗೆ ಬೆಲೆಯಿಲ್ಲ, ಒಂದು ನಿಮಿಷದ ಓಟವನ್ನಂತೂ ನಂಬಲೇಬಾರದು.

ಇಲ್ಲಿ ಇನ್ನೊಂದು ಕೊರತೆ ತಾಕುತ್ತದೆ. ಓಟ ಮುಗಿದಾಗ ಪರದೆಯ ಮೇಲೆ ಬರುವುದು ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್, ಪರ್ಸೆಂಟೈಲ್ ಇಲ್ಲ. -ಎಲ್ (ಸಣ್ಣಕ್ಷರ) ಹಾಕಿ ಲಾಗ್ ಬರೆಸಿ, ಮೂರನೇ ಕಾಲಮ್ ತೆಗೆದು ಸಾರ್ಟ್ ಮಾಡಿ, 36 ಲಕ್ಷದಲ್ಲಿ 35,96,400ನೇ ಸಾಲು ಓದಿದರೆ 99.9 ಸಿಗುತ್ತದೆ, ಮೈಕ್ರೋಸೆಕೆಂಡಿನಲ್ಲಿ. ಪ್ರತಿ ಥ್ರೆಡ್‌ಗೂ ಬೇರೆ ಫೈಲ್ ಆಗುವುದರಿಂದ ಮೊದಲು ಎಲ್ಲವನ್ನೂ ಸೇರಿಸಿಕೊಳ್ಳಬೇಕು. ಎರಡು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದಿಟ್ಟರೆ ಸಾಕು, ಆದರೂ ಇದು ಉಪಕರಣದೊಳಗೇ ಇರಬೇಕಿತ್ತು.

ಯಂತ್ರಗಳ ವಿಷಯಕ್ಕೆ ಬಂದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಹಳೆಯ ಆಫೀಸ್ ಮಿನಿ ಪಿಸಿಗಳು ಸಾಕು, ಒಟ್ಟು ನಾಲ್ಕು. ಮೂರು ಕ್ಲಸ್ಟರಿಗೆ, ನಾಲ್ಕನೆಯದು ಪಿಜಿಬೆಂಚ್ ಮತ್ತು ಪ್ರಾಕ್ಸಿಗೆ. ಲೋಡ್ ಹಾಕುವ ಯಂತ್ರ ಮತ್ತು ಡೇಟಾಬೇಸ್ ಒಂದೇ ಆದರೆ ಎರಡೂ ಅದೇ ಸಿಪಿಯುಗೆ ಕಿತ್ತಾಡುತ್ತವೆ. ಕೊಂಡ ಮೇಲೆ ಮೊದಲ ಕೆಲಸ ಪಿಜಿ ಟೆಸ್ಟ್ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿನಲ್ಲಿ ಖಾಯಂ ಮಾಡುವ ಎಫ್‌ಸಿಂಕ್, ಎಫ್‌ಡೇಟಾಸಿಂಕ್ ಕರೆಗಳ ವೇಗ ಅಳೆಯುವ ಉಪಕರಣ), ಮೂರೂ ಡಿಸ್ಕ್‌ಗಳ ಮೇಲೆ. ಕರೆಂಟ್ ಹೋದಾಗ ಕಾಯುವ ಕೆಪಾಸಿಟರ್ ಇಲ್ಲದ ಮನೆಬಳಕೆಯ ಎಸ್‌ಎಸ್‌ಡಿ ಎಫ್‌ಡೇಟಾಸಿಂಕ್‌ನಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ತೋರಿಸಿದರೆ ಅನುಮಾನಪಡಿ. ಬರೆದಿದ್ದೇನೆ ಎಂದು ಅದು ಬರೆಯುವ ಮೊದಲೇ ಹೇಳುತ್ತಿರಬಹುದು. ಮೂರರಲ್ಲಿ ಒಂದು ಡಿಸ್ಕ್ ಮಂದವಾಗಿದ್ದರೆ ಇನ್ನೊಂದು ಗೊಂದಲ ಹುಟ್ಟುತ್ತದೆ. ಸಿಂಕ್ರೊನಸ್ ಮೋಡ್‌ನಲ್ಲಿ (ರೆಪ್ಲಿಕಾವೂ ಬರೆದುಕೊಂಡ ಮೇಲಷ್ಟೇ ಕಮಿಟ್, ಅಂದರೆ ಟ್ರಾನ್ಸಾಕ್ಷನ್ ಖಾಯಮಾಗುವುದು, ಮುಗಿಯುವ ಬಗೆ) ಪಾಟ್ರೋನಿ ಇವತ್ತು ಯಾವ ರೆಪ್ಲಿಕಾವನ್ನು ಸಿಂಕ್ ಎಂದು ಆರಿಸಿತೋ ಅದರ ಡಿಸ್ಕಿನ ವೇಗ ಮೀರಿ ಕಮಿಟ್ ಓಡಲಾರದು. ನಿನ್ನೆಯ ಸಂಖ್ಯೆ ಇವತ್ತು ಬರದಿದ್ದರೆ ಮೊದಲು ಇದನ್ನೇ ನೋಡಬೇಕು.

ಕ್ಲಸ್ಟರನ್ನು ಪಿಜಿಬೆಂಚೇ ಬೀಳಿಸುವುದೂ ಉಂಟು. ಇಟಿಸಿಡಿ ಮತ್ತು ಪೋಸ್ಟ್‌ಗ್ರೆಸ್ ಒಂದೇ ಡಿಸ್ಕಿನಲ್ಲಿದ್ದರೆ, ಚೆಕ್‌ಪಾಯಿಂಟ್ ಬಂದಾಗ ಇಟಿಸಿಡಿಯ ಎಫ್‌ಸಿಂಕ್ ಹಿಂದೆ ಬೀಳುತ್ತದೆ. ಅದರ 99ನೇ ಪರ್ಸೆಂಟೈಲ್ 10 ಮಿಲಿಸೆಕೆಂಡಿನೊಳಗೆ ಇರಬೇಕು ಎಂಬುದು ಇಟಿಸಿಡಿ ದಾಖಲೆಯ ಸಲಹೆ. ಎಲೆಕ್ಷನ್ ಟೈಮ್‌ಔಟ್ (ನಾಯಕ ನೋಡ್‌ನ ಸುಳಿವಿಲ್ಲದಾಗ ಹೊಸ ಆಯ್ಕೆಗೆ ಮುನ್ನ ಕಾಯುವ ಅವಧಿ) ಮಾಮೂಲಿಯಾಗಿ 1000 ಮಿಲಿಸೆಕೆಂಡ್. ಇಟಿಸಿಡಿ ಪದೇ ಪದೇ ನಾಯಕನನ್ನು ಬದಲಿಸತೊಡಗಿದರೆ ಪಾಟ್ರೋನಿಗೆ ತನ್ನ ಲೀಡರ್ ಕೀ (ಪ್ರೈಮರಿ ಯಾವುದೆಂದು ಇಟಿಸಿಡಿಯಲ್ಲಿಟ್ಟ ಗುರುತು) ನವೀಕರಿಸಲು ಆಗುವುದಿಲ್ಲ, ಗಟ್ಟಿಮುಟ್ಟಾಗಿರುವ ಪ್ರೈಮರಿಯನ್ನೇ ಕೆಳಗಿಳಿಸುತ್ತದೆ. ಪರಿಹಾರ ಅಗ್ಗದ್ದು: ಪೋಸ್ಟ್‌ಗ್ರೆಸ್ ಎಂ.2 ಸ್ಲಾಟಿನಲ್ಲಿ, ಇಟಿಸಿಡಿ ಎರಡೂವರೆ ಇಂಚಿನ ಹಳೆಯ ಸಾಟಾ ಎಸ್‌ಎಸ್‌ಡಿಯಲ್ಲಿ. ಜೊತೆಗೆ ಮ್ಯಾಕ್ಸ್ ವಾಲ್ ಸೈಜ್ 1 ಜಿಬಿಯಿಂದ 8ಕ್ಕೆ ಏರಿಸಿದರೆ ಚೆಕ್‌ಪಾಯಿಂಟ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ.

ಮತ್ತೆ ಆ ದೂರಿಗೆ. ಫೇಲ್‌ಓವರ್ ಅಳೆಯಲು ಬೇರೆಯೇ ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಳ್ಳಲೇಬೇಕು. ಪೈಥಾನ್‌ನಲ್ಲಿ ನೂರು ಸಾಲು ಮೀರದು. ಅದು ಮಾಡುವುದಿಷ್ಟು: ಏರುವ ಕ್ರಮಸಂಖ್ಯೆಯೊಂದನ್ನು ಟೇಬಲ್‌ಗೆ ಸೇರಿಸಿ, ಕಮಿಟ್ ಉತ್ತರ ಬಂದ ಮೇಲೆ ಅದೇ ಸಂಖ್ಯೆಯನ್ನು ಲೋಕಲ್ ಫೈಲ್‌ಗೂ ಬರೆಯುವುದು. ಸಂಪರ್ಕ ಹೋದರೆ 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಯತ್ನ. ಫೈಲ್‌ನಲ್ಲಿ ಮೂರು ಗುರುತು ಬೇಕು: ಆಯಿತು, ಆಗಲಿಲ್ಲ, ಗೊತ್ತಿಲ್ಲ. ಮೂರನೆಯದನ್ನು ಮರೆಯುವವರೇ ಹೆಚ್ಚು. ಕಮಿಟ್ ಕಳಿಸಿ ಉತ್ತರ ಬರುವ ಮೊದಲೇ ಸಂಪರ್ಕ ಕಡಿದರೆ ಆ ಸಾಲು ಡೇಟಾಬೇಸ್‌ನಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ಎರಡೂ ತಪ್ಪಲ್ಲ. ಆದರೆ ‘ಆಯಿತು’ ಎಂದು ಗುರುತಾದದ್ದು ಹೊಸ ಪ್ರೈಮರಿಯಲ್ಲಿ ಕಾಣದಿದ್ದರೆ ಅದು ಡೇಟಾ ನಷ್ಟ. ಅಸಿಂಕ್ರೊನಸ್ ಮೋಡ್‌ನಲ್ಲಿ ಇಂಥವು ಸಿಗಬಹುದು, ಸಿಂಕ್ರೊನಸ್‌ನಲ್ಲಿ ಒಂದೂ ಸಿಗಬಾರದು. ಇದೇ ಹೊತ್ತಿಗೆ ಪಕ್ಕದಲ್ಲಿ ಪಿಜಿಬೆಂಚ್ ಹಿನ್ನೆಲೆಯ ಲೋಡ್ ಹಾಕುತ್ತಿರಲಿ, ಅದು ಸತ್ತರೆ ಶೆಲ್ ಲೂಪ್ ಮತ್ತೆ ಎಬ್ಬಿಸಲಿ.

ಪ್ರೈಮರಿಯನ್ನು ಹೇಗೆ ಬೀಳಿಸುತ್ತೀರಿ ಎಂಬುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ಪೋಸ್ಟ್‌ಗ್ರೆಸ್ ಪ್ರಾಸೆಸ್ ಅನ್ನು ಕಿಲ್ -9 ಮಾಡಿದರೆ ಪಾಟ್ರೋನಿ ಅದನ್ನು ಅಲ್ಲೇ ಮತ್ತೆ ಶುರುಮಾಡಲು ನೋಡುತ್ತದೆ, ಅದು ಫೇಲ್‌ಓವರ್ ಪರೀಕ್ಷೆಯೇ ಅಲ್ಲ. ಪಾಟ್ರೋನಿಯನ್ನು ಮರ್ಯಾದೆಯಿಂದ ನಿಲ್ಲಿಸಿದರೆ ಅದು ಕೀ ಬಿಟ್ಟುಕೊಟ್ಟು ಹೋಗುತ್ತದೆ, ಬದಲಾವಣೆ ಬೇಗ ಆಗುತ್ತದೆ. ವೈರ್ ಕಿತ್ತರೆ ಮಾತ್ರ ಟಿಟಿಎಲ್‌ನ (ಆ ಕೀಯ ಆಯಸ್ಸಿನ) 30 ಸೆಕೆಂಡ್ ಕರಗುವ ತನಕ ಕಾಯಬೇಕಾಗುತ್ತದೆ. ಅದನ್ನು ಇಳಿಸಬೇಕಿದ್ದರೆ ಟಿಟಿಎಲ್ ಒಂದನ್ನೇ ಮುಟ್ಟಬೇಡಿ: ಲೂಪ್ ವೇಟ್‌ಗೆ (ಪಾಟ್ರೋನಿ ಎರಡು ತಪಾಸಣೆಗಳ ನಡುವೆ ಕಾಯುವ ಹೊತ್ತು) ರಿಟ್ರೈ ಟೈಮ್‌ಔಟ್‌ನ (ಮರುಪ್ರಯತ್ನದ ಗಡುವು) ಎರಡರಷ್ಟು ಸೇರಿಸಿದರೆ ಬರುವ ಮೊತ್ತಕ್ಕಿಂತ ಅದು ಕಡಿಮೆ ಇರಬಾರದು. ಟಿಟಿಎಲ್ 20, ಉಳಿದೆರಡು 5, 5 ಇಟ್ಟರೆ ಹೊಂದುತ್ತದೆ.

ಒಂಟಿ ಸರ್ವರ್ ಅಳೆಯುವುದಕ್ಕೆ 5ರಲ್ಲಿ 5 ಕೊಡುತ್ತೇನೆ, ಎರಡನೇ ಯೋಚನೆಯಿಲ್ಲ. ಕ್ಲಸ್ಟರಿಗೆ 3. ಕಳೆದ ಎರಡೂ ಅಂಕ ಮರುಸಂಪರ್ಕದ ಒಂದು ಆಯ್ಕೆ ಇಲ್ಲದ್ದಕ್ಕೆ.

ವೈರ್ ಕಿತ್ತು ಆಡುವ ಮುನ್ನ ಪಾಟ್ರೋನಿಯಲ್ಲಿ ಪಿಜಿ ರಿವೈಂಡ್ (ಹಳೆಯ ಪ್ರೈಮರಿಯನ್ನು ಹೊಸದಕ್ಕೆ ಹೊಂದಿಸುವ ಉಪಕರಣ) ಆನ್ ಮಾಡಿ, ಅದಕ್ಕೆ ಬೇಕಾದ ಡೇಟಾ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಇದೆಯೇ ನೋಡಿಕೊಳ್ಳಿ. ಇಲ್ಲವಾದರೆ ಹಳೆಯ ಪ್ರೈಮರಿ ವಾಪಸ್ ಬಂದಾಗ ಡೇಟಾ ಪೂರ್ತಿ ಹೊಸದಾಗಿ ನಕಲಾಗಬೇಕಾಗಬಹುದು, ಸ್ಕೇಲ್ 300ಕ್ಕೆ ಪರವಾಗಿಲ್ಲ, 3000 ಇದ್ದರೆ ಅದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ.