ಹಗರಣದ ದಿನಗಳಲ್ಲಿ ನಗೋದಕ್ಕೆ ಯಾವುದು ಮೇಲು: ಕಾರ್ಟೂನೋ, ಅಣಕು ಸುದ್ದಿಯೋ, ಟ್ರೋಲೋ?

ನನ್ನ ಓಟು ಪೇಪರಿನ ಪಾಕೆಟ್ ಕಾರ್ಟೂನಿಗೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ.

ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಬಂತೆಂದರೆ ಲಾಡ್ಜು ಸಿಗುವುದಿಲ್ಲ, ಸುವರ್ಣಸೌಧದ ಕಡೆ ಹೋದರೆ ಬ್ಯಾರಿಕೇಡು, ಕೊಂಡಸಕೊಪ್ಪದ ಟೆಂಟುಗಳಲ್ಲಿ ದಿನಕ್ಕೊಂದು ಧರಣಿ. ಅದೇ ಹೊತ್ತಿಗೆ ಹಗರಣವೊಂದು ಕಾವೇರಿತ್ತು. ಯಾವುದು ಅಂತ ಕೇಳಬೇಡಿ, ಹಗರಣಕ್ಕೆ ನಮ್ಮಲ್ಲಿ ಬರವೇ? ತಿಲಕವಾಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ಜೆರಾಕ್ಸಿಗೆ ಬಂದವರೂ ಕೌಂಟರಿಗೆ ಮೊಣಕೈ ಊರಿ ಜಗಳಕ್ಕೆ ನಿಲ್ಲುತ್ತಿದ್ದರು. ಟಿವಿ ಹಾಕಿದರೆ ಅಲ್ಲೂ ಕೂಗಾಟ. ನಗೋದಕ್ಕೆ ಏನಾದರೂ ಬೇಕಿತ್ತು.

ಮೊದಲು ಅಮೆರಿಕದ ಅಣಕು ಸುದ್ದಿ ಪತ್ರಿಕೆ ‘ದಿ ಆನಿಯನ್’. 1988ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು. ತಲೆಬರಹ ಓದಿದರೆ ಸಾಕು, ಕೆಳಗಿನದು ಓದದಿದ್ದರೂ ನಡೆಯುತ್ತದೆ. ಅಲ್ಲಿನ ಸೆನೆಟರ್ ಯಾರಾದರೇನು, ನಮಗೆ ರಕ್ತ ಕುದಿಯುವುದಿಲ್ಲ, ಹಾಗಾಗಿ ನಗು ಸಲೀಸು. ಇದರ ಒಂದು ಕಥೆ ನನಗೆ ಬಲು ಇಷ್ಟ. 2015ರಲ್ಲಿ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ಭ್ರಷ್ಟಾಚಾರ ಹಗರಣ ಎದ್ದಾಗ, ಅದರಲ್ಲಿ ಆರೋಪಿಯಾಗಿದ್ದ ಮಾಜಿ ಉಪಾಧ್ಯಕ್ಷ ಜಾಕ್ ವಾರ್ನರ್ ಒಂದು ವಿಡಿಯೋ ಬಿಟ್ಟ. ಫಿಫಾ ಅಷ್ಟು ಕೆಟ್ಟದ್ದಾದರೆ ಅಮೆರಿಕಕ್ಕೆ ಅದರ ವಿಶ್ವಕಪ್ ಯಾಕೆ ಬೇಕು ಅಂತ ಅವನ ಪ್ರಶ್ನೆ. ಸಾಕ್ಷಿಗೆ ಕೈಯಲ್ಲಿ ಹಿಡಿದಿದ್ದ ಪ್ರಿಂಟೌಟು ಆನಿಯನ್‌ನ ಅಣಕು ಸುದ್ದಿ! ಅದನ್ನು ಪ್ರಿಂಟ್ ಹಾಕಿ ಕೊಟ್ಟ ಪುಣ್ಯಾತ್ಮ ಯಾರೋ, ನಮ್ಮ ಕಸುಬಿನವನೇ ಇರಬೇಕು.

ಆದರೆ ನಮ್ಮ ಊರಿನ ಬಿಸಿಗೆ ಆನಿಯನ್ ತಂಪು ಕೊಡುವುದಿಲ್ಲ. ನಮ್ಮ ಹಗರಣಕ್ಕೆ ನಮ್ಮದೇ ಅಣಕು ಬೇಕು.

ಭಾರತದಲ್ಲಿ 2008ರಲ್ಲೇ ‘ಫೇಕಿಂಗ್ ನ್ಯೂಸ್’ ಅನ್ನುವ ಅಣಕು ಸುದ್ದಿಯ ವೆಬ್‌ಸೈಟು ಬಂದಿತ್ತು. ಈಗ ಆ ಧಾಟಿಯ ಕನ್ನಡ ಕಾರ್ಡುಗಳು ಎಲ್ಲೆಲ್ಲೂ ಇವೆ. ಕೆಂಪು ಪಟ್ಟಿ, ದಪ್ಪ ಅಕ್ಷರದಲ್ಲಿ ‘ಬ್ರೇಕಿಂಗ್’, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಇದು ವಿಡಂಬನೆ’. ಓದಲು ಮಜಾ ಇದೆ, ಇಲ್ಲವೆನ್ನುವುದಿಲ್ಲ. ತಕರಾರು ಇರುವುದು ಆ ಕೊನೆಯ ಸಾಲಿನಲ್ಲಿ. ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟುವಷ್ಟರಲ್ಲಿ ಯಾರೋ ಅದನ್ನು ಕತ್ತರಿಸಿರುತ್ತಾರೆ.

‘ಹಗರಣದ ಫೈಲು ತಿಂದ ಇಲಿಗೆ ಕ್ಲೀನ್ ಚಿಟ್’ ಅಂತ ಒಂದು ಕಾರ್ಡು. ರಾತ್ರಿ ಊಟಕ್ಕೆ ಕೂತಿದ್ದೇನೆ, ಬೈಲಹೊಂಗಲದಿಂದ ಕಾಕಾನ ಫೋನು.

“ಏನಪಾ, ಇಲಿ ಫೈಲ್ ತಿಂದಾವಂತ?”

“ಕಾಕಾ, ಅದು ಚ್ಯಾಷ್ಟಿ. ಸುಳ್ಳ ಸುದ್ದಿ.”

“ಹೆಂಗ ಸುಳ್ಳ? ಇಲಿ ಗಾಂಜಾ ತಿಂದಾವು ಅಂತ ಪೊಲೀಸರ ಕೋರ್ಟಿನ್ಯಾಗ ಹೇಳಿಲ್ಲೇನು? ಗಾಂಜಾ ತಿನ್ನೂ ಇಲಿಗೆ ಫೈಲ್ ಯಾವ ಲೆಕ್ಕ?”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಕಾಕಾ ಹೇಳಿದ್ದು ಖರೆ. 2022ರಲ್ಲಿ ಮಥುರಾ ಪೊಲೀಸರು, ಠಾಣೆಯಲ್ಲಿಟ್ಟಿದ್ದ 581 ಕೆಜಿ ಗಾಂಜಾವನ್ನು ಇಲಿಗಳು ಹಾಳು ಮಾಡಿವೆ ಅಂತ ಕೋರ್ಟಿಗೆ ಹೇಳಿದ್ದರು. ನಿಜ ಸುದ್ದಿಯೇ ಹೀಗಿರುವಾಗ ಅಣಕು ಸುದ್ದಿಯನ್ನು ಗುರುತಿಸು ಅಂತ ಎಪ್ಪತ್ತು ದಾಟಿದವರಿಗೆ ಹೇಳುವುದು ಹೇಗೆ?

ಅಷ್ಟಕ್ಕೇ ಮುಗಿಯಲಿಲ್ಲ. ಕಾಕಾ ಅದನ್ನು ಮನೆತನದ ಗ್ರೂಪಿಗೆ ಹಾಕಿದರು. ಗೋಕಾಕದ ಮಾಮಾ ಇನ್ನೊಂದು ಪಕ್ಷದವರು. “ನಿಮ್ಮ ಕಾಲದಾಗ ಇಲಿ ಅಲ್ಲ, ಹೆಗ್ಗಣ ಇದ್ದೂ” ಅಂತ ಶುರು ಮಾಡಿದರು. ವೈನಿ ನಡುವೆ ಬಂದು ಗಣಪತಿ ಫೋಟೊ ಹಾಕಿ ಸಮಾಧಾನ ಮಾಡಲು ನೋಡಿದರು. ಕೆಳಗೆ ಇಲಿ ಇತ್ತಲ್ಲ, ಅದೂ ಟೀಕೆಯೇ ಅಂತ ಮಾಮಾ ಗ್ರೂಪು ಬಿಟ್ಟರು. ಅವರನ್ನು ಮತ್ತೆ ಸೇರಿಸಲು ನಾನು ಗೋಕಾಕಕ್ಕೆ ಒಂದು ಡಬ್ಬಿ ಕುಂದಾ ಕಳಿಸಬೇಕಾಯಿತು.

ಇದೇ ಆನಿಯನ್‌ನವರು 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಒಂದು ಅಹವಾಲು ಕೊಟ್ಟಿದ್ದರು. ಓಹಿಯೊದಲ್ಲಿ ಪೊಲೀಸರ ಅಣಕು ಫೇಸ್‌ಬುಕ್ ಪುಟ ಮಾಡಿ ಜೈಲು ಕಂಡವನ ಪರವಾಗಿ. ಮೊದಲೇ ‘ಇದು ತಮಾಷೆ’ ಅಂತ ಚೀಟಿ ಅಂಟಿಸಿದರೆ ತಮಾಷೆ ಸತ್ತಹಾಗೆ ಅನ್ನುವುದು ವಾದ. ಕೋರ್ಟು ಆ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ. ವಾದ ಸರಿಯೇ, ಆದರೆ ಅವರು ನಮ್ಮ ಮನೆತನದ ಗ್ರೂಪು ನೋಡಿಲ್ಲ.

ಟ್ರೋಲ್ ರೀಲು: ಒಂದು ನಕ್ಕರೆ ಹತ್ತು ಬೈಗುಳ ಕೇಳಬೇಕು. ಹೆಣ್ಣುಮಕ್ಕಳು ಜೆರಾಕ್ಸಿಗೆ ನಿಂತಿರುವಾಗ ಸ್ಪೀಕರಿನಲ್ಲಿ ಹಾಕುವಂಥದ್ದಲ್ಲ.

ಇನ್ನು ಕಾರ್ಟೂನು. ಉದ್ದ ಮೂಗಿನ, ಕಾಲಿಗಿಂತ ದೊಡ್ಡ ಹೊಟ್ಟೆಯ ಮಂತ್ರಿಯನ್ನು ನೋಡಿ “ಇದು ಖರೇನಾ?” ಅಂತ ಕಾಕಾ ಕೂಡ ಕೇಳುವುದಿಲ್ಲ. ಅದನ್ನು ಎಷ್ಟು ಕತ್ತರಿಸಿದರೂ ಕಾರ್ಟೂನೇ. ಪ್ರಜಾವಾಣಿಯ ‘ಚಿನಕುರಳಿ’ಯಂಥದ್ದು ಅಂಗೈಯಷ್ಟು ಜಾಗದಲ್ಲಿ, ಒಂದೆರಡು ಸಾಲಿನ ಮಾತಿನಲ್ಲಿ ಮುಗಿಯುತ್ತದೆ. ಕೌಂಟರಿನ ಮೇಲೆ ಮಡಚಿಟ್ಟರೆ ಎರಡೂ ಪಕ್ಷದವರು ಬಗ್ಗಿ ನೋಡಿ, ಮೀಸೆಯಲ್ಲೇ ನಕ್ಕು, ಚಿಲ್ಲರೆ ತಗೊಂಡು ಹೋಗುತ್ತಾರೆ. ಕನ್ನಡದಲ್ಲಿ ಇದರ ಬೇರು ಹಳೆಯದು. 1942ರಲ್ಲಿ ರಾಶಿಯವರು (ಡಾ. ಎಂ. ಶಿವರಾಂ) ಶುರು ಮಾಡಿದ ಹಾಸ್ಯ ಪತ್ರಿಕೆ ‘ಕೊರವಂಜಿ’ಯಲ್ಲಿ ಆರ್.ಕೆ. ಲಕ್ಷ್ಮಣ್ ಕೂಡ ಚಿತ್ರ ಬರೆದವರೇ.

ಕೊರತೆ ಇಲ್ಲವೇ? ಇದೆ. ಇವತ್ತಿನ ಗದ್ದಲಕ್ಕೆ ನಾಳೆ ಬೆಳಿಗ್ಗೆ ನಗಬೇಕು. ಅಷ್ಟರಲ್ಲಿ ಮಂತ್ರಿ ಹೇಳಿಕೆ ಬದಲಿಸಿದ್ದರೆ ಕಾರ್ಟೂನು ಹಳತಾಗಿರುತ್ತದೆ. ನನಗೆ ಅಡ್ಡಿಯಿಲ್ಲ. ಅಂಗಡಿಗೆ ಪೇಪರು ಹೇಗೂ ಬೇಕು, ಗಿರಾಕಿಗಳು ಓದುತ್ತಾರೆ. ಬೇರೆ ಖರ್ಚಿಲ್ಲ.

ಇಂಗ್ಲಿಷ್ ಸಲೀಸಾಗಿ ಓದುವವರಿಗೆ, ಮನೆಯಲ್ಲಿ ಕಾಕಾ ಇಲ್ಲದವರಿಗೆ ಅಣಕು ಸುದ್ದಿ ಆದೀತು. ಟ್ರೋಲ್ ರೀಲು ನಾನೂ ಆಗಾಗ ನೋಡುತ್ತೇನೆ, ಮಗನ ಫೋನಿನಲ್ಲಿ. ಡೇಟಾ ಅವನದು.