ಕಕ್ಕಡದ ಮಳೆಗೆ ಯಾವುದು: ಪತ್ತೇದಾರಿಯ ಕಥೆಯೋ, ಅಂಗರಕ್ಷಕಿಯ ಕಥೆಯೋ?

ಮಡಿಕೇರಿಯಲ್ಲಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದು ಕರೆಂಟು ಹೋದಾಗ ಓದಲು ಒಂದೇ ಪುಸ್ತಕ ಅಂದ್ರೆ, ನನ್ನ ಆಯ್ಕೆ ‘ನೇಕೆಡ್ ಇನ್ ಡೆತ್’. ಅಮೆರಿಕದ ಕಾದಂಬರಿಗಾರ್ತಿ ನೋರಾ ರಾಬರ್ಟ್ಸ್ 1995ರಲ್ಲಿ ಜೆ.ಡಿ. ರಾಬ್ ಹೆಸರಲ್ಲಿ ಬರೆದದ್ದು. ಕಥೆ ನಡೆಯುವುದು 2058ರ ನ್ಯೂಯಾರ್ಕ್‌ನಲ್ಲಿ. ತನಿಖೆ ಮಾಡುವ ಈವ್ ಡಲ್ಲಾಸ್‌ಗೆ, ಕೊಲೆಯ ಶಂಕೆ ಇರುವ ರೋರ್ಕ್ ಮೇಲೆಯೇ ಮನಸ್ಸಾಗುತ್ತದೆ. ಅವನು ಅವಳಿಗೆ ಅಸಲಿ ಕಾಫಿ ಕೊಡುತ್ತಾನೆ, ಆ ಕಾಲದಲ್ಲಿ ಅದು ಸಿಗುವುದೇ ಅಪರೂಪ. ಕಾಫಿ ಬೆಳೆಯುವ ನಮಗೆ ಆ ಪುಟಗಳು ಬೇರೆಯೇ ತರ ತಾಗುತ್ತವೆ, ಅಲ್ವಾ?

ಕ್ಯಾಥರೀನ್ ಸೆಂಟರ್ ಅವರ ‘ದಿ ಬಾಡಿಗಾರ್ಡ್’ (2022) ಹಗುರ. ಇಲ್ಲಿ ಕಾವಲಿಗೆ ನಿಲ್ಲುವವಳು ಹ್ಯಾನಾ. ಸಿನಿಮಾ ನಟನ ಟೆಕ್ಸಾಸ್ ಮನೆಯಲ್ಲಿ ಅವನ ಪ್ರೇಯಸಿಯಂತೆ ನಟಿಸಬೇಕು. ನಗು ಜಾಸ್ತಿ, ಭಯ ಕಮ್ಮಿ. ಮೊದಲನೆಯದರಲ್ಲಿ ಕೊಲೆ, ಲೈಂಗಿಕ ದೌರ್ಜನ್ಯ ಎರಡೂ ಭಾರವಾಗಿವೆ. ಅದು ಆಗದವರು ಇದನ್ನೇ ತಗೊಳ್ಳಿ.