ಎಡತೋಳು, ಬಲತೋಳು: ಆರ್ಮ್ ಲಿಫ್ಟ್ ಆದ ಮೇಲೆ ಮಸಾಜ್, ಸಿಲಿಕೋನ್ ಪಟ್ಟಿ ಮತ್ತು ನಾನು

ನಾನು ಬಟ್ಟೆ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಯಾವ ಉಡುಪಿನಲ್ಲೂ ತೋಳು ಕೂರಿಸುವುದೇ ಕಷ್ಟ. ಕಂಕುಳಲ್ಲಿ ಒಂದು ಹೊಲಿಗೆ ಬಿಗಿಯಾದರೆ ಸಾಕು, ಇಡೀ ತೋಳು ಸುಕ್ಕುಗಟ್ಟಿ ಎಳೆಯುತ್ತದೆ. ನನ್ನದೇ ಎರಡೂ ತೋಳಿನಲ್ಲಿ ಕಂಕುಳಿಂದ ಮೊಣಕೈವರೆಗೆ ಹೊಲಿಗೆ ಬಿದ್ದಾಗ ಅದೇ ಕಣ್ಣಿನಿಂದ ನೋಡಿದೆ. ಈಗ ಒಂಬತ್ತು ತಿಂಗಳಾಗಿದೆ. ಈ ಬರಹ ಸರ್ಜರಿಯ ಬಗ್ಗೆ ಅಲ್ಲ. ಅದಾದ ಮೇಲೆ ನಾನು ಬಳಸಿದ ಮಸಾಜ್ ಸೇವೆ, ಬಿಗಿ ಸ್ಲೀವ್, ಸಿಲಿಕೋನ್ ಪಟ್ಟಿ, ಜೆಲ್ ಇವುಗಳ ಬಗ್ಗೆ.

36 ಕೆಜಿ ತೂಕ ಇಳಿಸಿದ್ದೆ. ರಟ್ಟೆಯ ಚರ್ಮ ಜೋತುಬಿದ್ದು, ಬಟ್ಟೆ ಕತ್ತರಿಸುವಾಗ ಮೇಜಿಗೆ ತಾಗುತ್ತಿತ್ತು. ಸೆಖೆಯಲ್ಲಿ ಮಡಿಕೆ ಉಜ್ಜಿ ಕೆಂಪಾಗುತ್ತಿತ್ತು. ಆ ಹೆಚ್ಚುವರಿ ಚರ್ಮ ತೆಗೆಯುವ ಸರ್ಜರಿಗೆ ಆರ್ಮ್ ಲಿಫ್ಟ್, ಡಾಕ್ಟರ್ ಭಾಷೆಯಲ್ಲಿ ಬ್ರಾಕಿಯೋಪ್ಲಾಸ್ಟಿ ಅನ್ನುತ್ತಾರೆ. ಕಲೆ ಉದ್ದ ಇರುತ್ತದೆ, ಬೇಗ ಮಾಸುವುದಿಲ್ಲ, ಅಗಲ ಆಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ತೋಳಿನ ಒಳಬದಿಯ ಚರ್ಮ ತೆಳು. ಕೈ ಎತ್ತಿದಾಗೆಲ್ಲ ಅಲ್ಲಿ ಎಳೆತ ಬೀಳುತ್ತದೆ. ಹೊಲಿಯುವವಳಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹನ್ನೆರಡನೇ ದಿನ ಮುಂಗೈ, ಅಂಗೈ ಎಲ್ಲ ಊದಿಕೊಂಡಿತ್ತು. ಡಾಕ್ಟರನ್ನು ಕೇಳದೆ ಒಂದು ಮಸಾಜ್ ಸೆಂಟರ್‌ಗೆ ಹೋದೆ. ಸರ್ಜರಿ ಆದವರಿಗೂ ಮಾಡುತ್ತೇವೆ ಅಂದರು. ಹೆಬ್ಬೆರಳು ಊರಿ ಮಣಿಕಟ್ಟಿನಿಂದ ಮೇಲಕ್ಕೆ ಹಿಂಡಿದರು. ನೋವಾಗುತ್ತಿದೆ ಅಂದೆ. ನೋವಾದರೇ ನೀರು ಇಳಿಯೋದು ಅಂದರು. ಜ್ವರ ಇದೆಯಾ, ಗಾಯ ಎಲ್ಲಿಯವರೆಗೆ ಇದೆ, ಡಾಕ್ಟರ್ ಏನು ಹೇಳಿದ್ದಾರೆ, ಒಂದನ್ನೂ ಕೇಳಲಿಲ್ಲ. ಮಾರನೆಯ ದಿನ ಊತ ಜಾಸ್ತಿಯಾಗಿ ಮುಂಗೈಯಲ್ಲಿ ನೀಲಿ ಕಲೆಗಳು ಎದ್ದವು. ಅದೇ ವಾರ ಬಲಗಂಕುಳ ತುದಿಯಲ್ಲಿ ಹೊಲಿಗೆ ಬೆರಳಗಲ ಬಿಟ್ಟುಕೊಂಡಿತು. ಮಸಾಜ್‌ನಿಂದಲೇ ಹೀಗಾಯಿತು ಅಂತ ನಾನು ಹೇಳಲಾರೆ. ಆ ತುದಿಯಲ್ಲಿ ಗಾಯ ಬಿಡುವುದು ಈ ಸರ್ಜರಿಯಲ್ಲಿ ಅಪರೂಪವಲ್ಲ ಅಂತ ಡಾಕ್ಟರೇ ಹೇಳಿದರು. ಆದರೆ ಆ ದಿನ ನಾನು ಅಲ್ಲಿಗೆ ಹೋಗಬಾರದಿತ್ತು.

ಡಾಕ್ಟರ್ ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಳುಹಿಸಿದರು. ಲಿಂಫ್ ಅಂದರೆ ಅಂಗಾಂಶಗಳಲ್ಲಿ ಉಳಿದ ನೀರು ತನ್ನದೇ ನಾಳಗಳಲ್ಲಿ ಹರಿದು ರಕ್ತಕ್ಕೆ ಮರಳುವ ದ್ರವ; ಅದನ್ನು ಮುಂದೆ ಸರಿಸುವ ಲಿಂಫ್ ಮಸಾಜ್‌ನಲ್ಲಿ ತರಬೇತಿ ಪಡೆದವರು. ಮೂರು ವಾರದಲ್ಲಿ ಆರು ಸಲ ಹೋದೆ. ನಾನು ಮನಸಾರೆ ಹೊಗಳುವ ಸೇವೆ ಇದು.

ಮೊದಲ ದಿನ ಕಾಲು ಗಂಟೆ ಬರೀ ಪ್ರಶ್ನೆಗಳು. ಜ್ವರ ಬಂದಿತ್ತಾ? ಒಂದೇ ತೋಳು ಹಠಾತ್ತನೆ ಊದಿತಾ? ಎಲ್ಲಾದರೂ ಬಿಸಿ, ಕೆಂಪು, ಕೀವು ಇದೆಯಾ? ಹಿಂದೆ ರಕ್ತ ಹೆಪ್ಪುಗಟ್ಟಿತ್ತಾ? ಹೃದಯ, ಕಿಡ್ನಿ ತೊಂದರೆ ಇದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ನಾನು ಮುಟ್ಟುವುದಿಲ್ಲ, ಮೊದಲು ಡಾಕ್ಟರ್ ನೋಡಬೇಕು ಅಂದರು. ಚರ್ಮದ ಅಡಿಯಲ್ಲಿ ಎಲ್ಲಾದರೂ ನೀರು ತುಂಬಿದ ಚೀಲದ ಹಾಗೆ ತುಳುಕುತ್ತಿದೆಯಾ ಅಂತ ಕೈಯಿಟ್ಟು ನೋಡಿದರು. ಅದಕ್ಕೆ ಸೀರೋಮಾ ಅನ್ನುತ್ತಾರಂತೆ. ಅದು ಇದ್ದರೆ ಡಾಕ್ಟರ್ ಸೂಜಿ ಹಾಕಿ ತೆಗೆಯಬೇಕಾಗಬಹುದು, ಉಜ್ಜಿ ಕರಗಿಸುವಂಥದ್ದಲ್ಲ.

ಆಮೇಲೆ ಅವರು ಶುರು ಮಾಡಿದ್ದು ಕುತ್ತಿಗೆಯಿಂದ! ತೋಳು ಊದಿದ್ದರೆ ಕುತ್ತಿಗೆ ಯಾಕೆ ಮುಟ್ಟುತ್ತೀರಿ ಅಂತ ಕೇಳಿದೆ. ದೇಹದ ಲಿಂಫ್ ನೀರು ಕೊನೆಗೆ ಕುತ್ತಿಗೆ ಬುಡದಲ್ಲಿ, ಕೊರಳೆಲುಬಿನ ಹಿಂದೆ ರಕ್ತಕ್ಕೆ ಸೇರುತ್ತದೆ. ಮುಂದಿನ ದಾರಿ ಮೊದಲು ತೆರವಾಗಬೇಕು, ಇಲ್ಲದಿದ್ದರೆ ಹಿಂದಿನಿಂದ ತಳ್ಳಿದ್ದು ಹೋಗುವುದೆಲ್ಲಿಗೆ? ಮಾಮೂಲಾಗಿ ತೋಳಿನ ನೀರು ಕಂಕುಳ ಲಿಂಫ್ ಗಂಟುಗಳ ಮೂಲಕ ಹೋಗುತ್ತದೆ. ನನ್ನ ಹೊಸ ಗಾಯ ಆ ದಾರಿಯಲ್ಲೇ ಇತ್ತು. ಅದಕ್ಕೆ ಮೊದಲು ಕುತ್ತಿಗೆ, ಆಮೇಲೆ ಭುಜ, ಗಾಯ ಬಿಟ್ಟು ತೋಳಿನ ಹೊರಬದಿ, ಕೊನೆಗೆ ಮುಂಗೈ. ಒತ್ತಡವೋ, ಮಲಗಿದ ಮಗುವಿನ ಕೆನ್ನೆ ಸವರಿದಷ್ಟೇ. ಲಿಂಫ್‌ನ ಸಣ್ಣ ನಾಳಗಳು ಚರ್ಮದ ಕೆಳಗೇ ಇರುತ್ತವೆ. ಚರ್ಮವನ್ನು ಮೆಲ್ಲಗೆ ಎಳೆದು ಬಿಟ್ಟರೆ ಸಾಕು, ಜೋರಾಗಿ ಒತ್ತಿದರೆ ನಾಳವೇ ಮುಚ್ಚಿಕೊಳ್ಳುತ್ತದೆ ಅಂತ ವಿವರಿಸಿದರು. ಈ ವಿಧಾನವನ್ನು 1930ರ ದಶಕದಲ್ಲಿ ಡೆನ್ಮಾರ್ಕ್‌ನ ಎಮಿಲ್ ವೋಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ ರೂಪಿಸಿದರಂತೆ.

ಇಂಚು ಟೇಪ್ ಸದಾ ನನ್ನ ಕುತ್ತಿಗೆಯಲ್ಲೇ ಇರುತ್ತದೆ. ಮಣಿಕಟ್ಟಿನಿಂದ ನಾಲ್ಕು ಇಂಚು ಮೇಲೆ ಪೆನ್ನಿನಿಂದ ಗುರುತು ಹಾಕಿಕೊಂಡು ಅಳೆದೆ. ಮೊದಲ ಸಲ ಹೋಗುವ ಮುಂಚೆ 9¾ ಇಂಚು. ಬಂದ ಮೇಲೆ 9¼. ಮಾರನೆಯ ಸಂಜೆ ಮತ್ತೆ 9½. ಅಂದರೆ ಒಂದೇ ಸಲಕ್ಕೆ ಎಲ್ಲ ಇಳಿದು ಹೋಗುವುದಿಲ್ಲ. ಇಳಿಯುತ್ತದೆ, ಸ್ವಲ್ಪ ಮರಳುತ್ತದೆ, ಮತ್ತೆ ಇಳಿಯುತ್ತದೆ. ನಾಲ್ಕನೇ ಸಲದ ಹೊತ್ತಿಗೆ 8¾ಕ್ಕೆ ನಿಂತಿತು. ಕೊನೆಯ ಎರಡು ಸಲ ಹೋಗದಿದ್ದರೂ ನಡೆಯುತ್ತಿತ್ತು ಅನ್ನಿಸುತ್ತದೆ. ದಿನ ಕಳೆದಂತೆ ಊತ ತಾನಾಗಿಯೂ ಇಳಿಯುತ್ತದೆ, ಅಲ್ವಾ? ಎಷ್ಟು ಮಸಾಜ್‌ನಿಂದ, ಎಷ್ಟು ತಾನಾಗಿ ಅಂತ ನನ್ನ ಟೇಪ್ ಹೇಳುವುದಿಲ್ಲ. ಆದರೆ ಕೈ ಹಗುರಾದ ಅನುಭವ, ಆ ರಾತ್ರಿಗಳ ನಿದ್ದೆ, ಅದು ನಿಜ.

ಊತ ತಗ್ಗಲು ತೋಳನ್ನು ಒತ್ತಿ ಹಿಡಿಯುವ ಬಿಗಿ ಸ್ಲೀವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರು ವಾರ, ಸ್ನಾನ ಬಿಟ್ಟು ಉಳಿದ ಹೊತ್ತೆಲ್ಲ ಹಾಕಿಕೊಂಡೆ. ಮೊದಲು ತಂದದ್ದು ಮೊಣಕೈಗೇ ಮುಗಿಯುತ್ತಿತ್ತು. ಅದರ ಅಂಚು ಬಳೆಯ ಹಾಗೆ ಒತ್ತಿ, ಕೆಳಗೆ ಕೈ ಇನ್ನೂ ಊದಿತು. ಮಣಿಕಟ್ಟಿನವರೆಗೆ ಇರುವುದನ್ನು ತಂದ ಮೇಲೆ ಸರಿಹೋಯಿತು. ಇನ್ನೊಂದು, ಅದರ ಒಳಗಿನ ಜೋಡಣೆ ಹೊಲಿಗೆ ಸರಿಯಾಗಿ ನನ್ನ ಗಾಯದ ಮೇಲೇ ಕೂರುತ್ತಿತ್ತು. ಡಾಕ್ಟರನ್ನು ಕೇಳಿ ಒಳಹೊರಗು ಮಾಡಿ ಹಾಕಿಕೊಂಡೆ. ಕೊಳ್ಳುವಾಗ ಅಳತೆ ನೋಡುವ ಹಾಗೆಯೇ ಆ ಹೊಲಿಗೆ ಎಲ್ಲಿ ಕೂರುತ್ತದೆ ಅಂತಲೂ ನೋಡಿ.

ಇನ್ನು ಕಲೆಯ ಮಸಾಜ್. ಇದು ಬೇರೆಯದೇ ಕೆಲಸ. ಎರಡನ್ನೂ ಒಂದೇ ಅಂದುಕೊಂಡಿದ್ದೆ, ಅದಕ್ಕೇ ಮೊದಲು ಎಡವಿದ್ದು. ಗಾಯ ಪೂರ್ತಿ ಮುಚ್ಚಿ, ಹೆಕ್ಕಳೆ ಎಲ್ಲ ಉದುರಿದ ಮೇಲೆ, ಡಾಕ್ಟರ್ ಹೂಂ ಅಂದ ಮೇಲೆ ಮಾತ್ರ ಶುರು ಮಾಡಬೇಕು. ನನ್ನ ಎಡತೋಳಿಗೆ ಐದನೇ ವಾರ ಒಪ್ಪಿಗೆ ಸಿಕ್ಕಿತು. ಹೊಲಿಗೆ ಬಿಟ್ಟಿದ್ದ ಬಲತೋಳಿಗೆ ಏಳನೇ ವಾರ. ಅದೇ ಫಿಸಿಯೋಥೆರಪಿಸ್ಟ್ ಒಂದು ಸಲ ಮಾಡಿ ತೋರಿಸಿ, ನನ್ನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಎಷ್ಟು ಒತ್ತಬೇಕು ಅಂತ ಕಲಿಸಿದರು. ಆಮೇಲೆ ಇದಕ್ಕಾಗಿ ನನ್ನ ಹತ್ತಿರ ಬರಬೇಕಾಗಿಲ್ಲ, ಮನೆಯಲ್ಲೇ ಮಾಡಿಕೊಳ್ಳಿ ಅಂದರು. ಹೀಗೆ ಹೇಳಿ ಕಳುಹಿಸುವವರು ಎಷ್ಟು ಜನ ಇದ್ದಾರೆ?

ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಒಂದಿಷ್ಟು. ಎರಡು ಬೆರಳು ಕಲೆಯ ಮೇಲಿಟ್ಟು, ಅದರ ಬಣ್ಣ ಸ್ವಲ್ಪ ಬಿಳಿಚುವಷ್ಟು ಒತ್ತಬೇಕು. ಬೆರಳು ಜಾರಬಾರದು, ಚರ್ಮ ಬೆರಳಿನ ಜೊತೆ ಸರಿಯಬೇಕು. ಮೊದಲು ಸಣ್ಣ ಸುತ್ತು, ಆಮೇಲೆ ಕಲೆಯ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಕೆಲವು ವಾರ ಕಳೆದ ಮೇಲೆ ಕಲೆಯನ್ನು ಚಿವುಟುವ ಹಾಗೆ ಹಿಡಿದು ಮೆಲ್ಲಗೆ ಮೇಲೆತ್ತುವುದು. ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ. ಮುಗಿದ ಮೇಲೂ ಕೆಂಪು ಹೋಗದಿದ್ದರೆ, ನೋವು ಉಳಿದರೆ ಜಾಸ್ತಿ ಒತ್ತಿದ್ದೀರಿ ಅಂತ ಅರ್ಥ.

ಇದರಿಂದ ಕಲೆ ಮಾಯ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಲೆಯ ಮಸಾಜ್ ಬಗ್ಗೆ ನಡೆದ ಅಧ್ಯಯನಗಳು ಸಣ್ಣವು, ಒಬ್ಬೊಬ್ಬರು ಒಂದೊಂದು ರೀತಿ ಮಾಡಿದ್ದಾರೆ, ಗಟ್ಟಿ ಪುರಾವೆ ಕಡಿಮೆ ಅಂತ ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು. ಗಾಯ ಮುಚ್ಚಿದ ಮೇಲೂ ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಒಳಗೆ ಕೊಲಾಜನ್ ಎಳೆಗಳು, ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್ ಎಳೆಗಳು, ಬದಲಾಗುತ್ತಲೇ ಇರುತ್ತವೆ. ಅಷ್ಟಾದರೂ ಕಲೆಯ ಜಾಗ ಮೊದಲಿನ ಚರ್ಮದ ಸುಮಾರು 80% ಗಟ್ಟಿತನದ ಮೇಲೆ ಹೋಗುವುದಿಲ್ಲ. ನನಗೆ ಸಿಕ್ಕ ಲಾಭ ಬಣ್ಣದಲ್ಲಲ್ಲ, ಸಡಿಲಿಕೆಯಲ್ಲಿ. ಎಡಗೈ ಎತ್ತಿ ಮೇಲಿನ ಕಪಾಟಿನಿಂದ ಬಟ್ಟೆ ಸುರುಳಿ ಇಳಿಸುವಾಗ ಮೂರನೇ ತಿಂಗಳಿಗೇ ಎಳೆತ ಹೋಗಿತ್ತು. ಬಲಗೈಯಲ್ಲಿ ಆರನೇ ತಿಂಗಳವರೆಗೂ ಇತ್ತು. ನಾನು ಬಲಗೈಯವಳು. ಎಡತೋಳನ್ನು ಬಲಗೈ ಚೆನ್ನಾಗಿ ಒತ್ತುತ್ತದೆ. ಬಲತೋಳಿಗೆ ಎಡಗೈ, ಐದು ನಿಮಿಷಕ್ಕೇ ಸೋಲುತ್ತಿತ್ತು. ಜೊತೆಗೆ ತಡವಾಗಿ ಶುರು ಆಗಿತ್ತು. ಕಾರಣ ಇದೇ ಅಂತ ಅಳೆದು ತೋರಿಸಲಾರೆ, ಆದರೆ ನನ್ನ ಎರಡು ತೋಳಿನ ವ್ಯತ್ಯಾಸ ಇದು. ಈಗ ಬಲತೋಳಿಗೆ ರಾತ್ರಿ ನನ್ನ ಮಗಳು ಮಾಡುತ್ತಾಳೆ.

ಮುಂಗೈಯ ಒಳಬದಿ ಮರಗಟ್ಟಿತ್ತು. ಅಲ್ಲಿಗೆ ಹೋಗುವ ನರ ಸರ್ಜರಿ ಜಾಗದ ಪಕ್ಕದಲ್ಲೇ ಹಾದುಹೋಗುತ್ತದೆ. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ, ನಾನು ಹೇಳುತ್ತೇನೆ: ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ. ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟದ್ದು ನನಗೆ ಕಣ್ಣಿಗೆ ಕಂಡ ಮೇಲೇ ತಿಳಿದದ್ದು. ಬಿಸಿ ನೀರಿನ ಚೀಲ ಇಟ್ಟುಕೊಳ್ಳುವವರು ದಯವಿಟ್ಟು ಎಚ್ಚರ. ಸ್ಪರ್ಶ ಮರಳಲು ಶುರುವಾದಾಗ ಬಟ್ಟೆ ತಾಗಿದರೂ ಜುಮ್ಮೆಂದು ಉರಿಯುತ್ತಿತ್ತು. ಬೇರೆ ಬೇರೆ ಬಟ್ಟೆಯಿಂದ ಮೆಲ್ಲಗೆ ಸವರಿ ಅಭ್ಯಾಸ ಮಾಡಿಸಿ ಅಂದರು. ಬಟ್ಟೆ ಚೂರುಗಳಿಗೆ ನನ್ನಲ್ಲಿ ಬರವೇ? ಮೊದಲು ರೇಷ್ಮೆ, ಆಮೇಲೆ ಹತ್ತಿ, ಆಮೇಲೆ ಉಣ್ಣೆ, ಕೊನೆಗೆ ಕ್ಯಾನ್ವಾಸ್. ಒಂದೂವರೆ ತಿಂಗಳಿಗೆ ಕ್ಯಾನ್ವಾಸ್ ತಡೆದುಕೊಂಡಿತು ಚರ್ಮ.

ಸಿಲಿಕೋನ್ ಪಟ್ಟಿಯನ್ನು ಕಲೆಯ ಆರೈಕೆಯಲ್ಲಿ ಮೊದಲ ಸ್ಥಾನಕ್ಕೆ ಇಡುತ್ತೇನೆ. 1980ರ ದಶಕದ ಆರಂಭದಲ್ಲಿ ಸುಟ್ಟ ಗಾಯದ ಕಲೆಗಳಿಗೆ ಬಳಸಲು ಶುರು ಮಾಡಿದ್ದು ಇದು. ಪಟ್ಟಿಯಿಂದ ಔಷಧಿ ಏನೂ ಒಳಗೆ ಇಳಿಯುವುದಿಲ್ಲ. ಚರ್ಮದ ತೇವ ಆರದಂತೆ ಮುಚ್ಚಿಡುತ್ತದೆ, ಆಗ ಕೊಲಾಜನ್ ಅತಿಯಾಗಿ ಬೆಳೆಯುವುದು ತಗ್ಗುತ್ತದೆ ಅನ್ನುತ್ತಾರೆ. ಮೊದಲ ದಿನ ನಾಲ್ಕು ಗಂಟೆ ಹಾಕಿ, ವಾರದಲ್ಲಿ ಹನ್ನೆರಡು ಗಂಟೆ ದಾಟಿಸಿದೆ. ಕನಿಷ್ಠ ಎರಡು ಮೂರು ತಿಂಗಳಾದರೂ ಬಿಡದೆ ಹಾಕಬೇಕು. ಎರಡು ವಾರ ಹಾಕಿ ಏನೂ ಆಗಲಿಲ್ಲ ಅನ್ನುವವರಿಗೆ ನಾನು ಹೇಳುವುದು, ಇನ್ನೂ ಶುರುವೇ ಆಗಿಲ್ಲ.

ಬಳಸಿ ಕಲಿತದ್ದು: ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೌಕ ಮೂಲೆ ಬಟ್ಟೆಗೆ ಸಿಕ್ಕಿ ಏಳುತ್ತದೆ. ದಿನಾ ಸೌಮ್ಯ ಸೋಪಿನಲ್ಲಿ ತೊಳೆದು ಗಾಳಿಗೆ ಒಣಗಿಸಿ, ಟವೆಲ್‌ನಿಂದ ಒರೆಸಿದರೆ ನೂಲು ಅಂಟುತ್ತದೆ. ನನ್ನದು ಮೂರು ವಾರಕ್ಕೊಮ್ಮೆ ಅಂಟು ಕಳೆದುಕೊಳ್ಳುತ್ತಿತ್ತು. ಸೆಖೆಯ ದಿನಗಳಲ್ಲಿ ಒಮ್ಮೆ ಬೆವರುಸಾಲೆಯ ಹಾಗೆ ಗುಳ್ಳೆ ಎದ್ದವು. ಎರಡು ದಿನ ಬಿಟ್ಟು, ಕಡಿಮೆ ಹೊತ್ತಿನಿಂದ ಮತ್ತೆ ಶುರು ಮಾಡಿದೆ.

ಕಂಕುಳಲ್ಲಿ ಮಾತ್ರ ಪಟ್ಟಿ ಸೋತಿತು. ಬೆವರು, ಉಜ್ಜಾಟ, ಮಡಿಕೆ. ಅರ್ಧ ದಿನಕ್ಕೇ ಸುರುಳಿಯಾಗಿ ಕೈಗೆ ಬರುತ್ತಿತ್ತು. ಅಲ್ಲಿಗೆ ಸಿಲಿಕೋನ್ ಜೆಲ್ ಸರಿ. ದಿನಕ್ಕೆ ಎರಡು ಸಲ, ಕಂಡೂ ಕಾಣದಷ್ಟು ತೆಳುವಾಗಿ. ದಪ್ಪ ಹಚ್ಚಿದರೆ ಒಣಗದೆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಸಪಾಟು ಜಾಗಕ್ಕೆ ಪಟ್ಟಿ, ಮಡಿಕೆಯ ಜಾಗಕ್ಕೆ ಜೆಲ್, ಹೀಗೆ ಹಂಚಿಕೊಂಡ ಮೇಲೆ ಎರಡರ ಮೇಲೂ ನನಗೆ ದೂರಿಲ್ಲ.

ಪರಿಚಯದವರೊಬ್ಬರು ಪ್ರೀತಿಯಿಂದ ವಿಟಮಿನ್ ಇ ಎಣ್ಣೆ ತಂದುಕೊಟ್ಟರು. ಡಾಕ್ಟರ್ ಬೇಡ ಅಂದರು. 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಅದರಿಂದ ಕಲೆಗೆ ಲಾಭ ಕಾಣಲಿಲ್ಲ, ಮೂರರಲ್ಲಿ ಒಬ್ಬರಿಗೆ ಚರ್ಮದ ಅಲರ್ಜಿ ಆಯಿತು. ನಾನು ಹಚ್ಚಲಿಲ್ಲ. ಬಿಸಿಲಿಗೆ ಹೋಗುವಾಗ ಮಾತ್ರ ತುಂಬುತೋಳು, ಇಲ್ಲವೇ ಎಸ್‌ಪಿಎಫ್ 30ರ ಮೇಲಿನ ಸನ್‌ಸ್ಕ್ರೀನ್ ತಪ್ಪಿಸಲಿಲ್ಲ. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಹೊಸ ಕಲೆ ಬಿಸಿಲು ಕಂಡರೆ ಕಪ್ಪಾಗಿ ಬಹಳ ಕಾಲ ಉಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ನಾಲ್ಕನೇ ತಿಂಗಳಲ್ಲಿ ಬಲಗಂಕುಳ ತುದಿ, ಹೊಲಿಗೆ ಬಿಟ್ಟಿದ್ದ ಅದೇ ಜಾಗ, ದಪ್ಪಗೆ ಎದ್ದು ತುರಿಸತೊಡಗಿತು. ಹೆದರಿ ಹೋದೆ. ಕಲೆ ತನ್ನ ಗಡಿಯೊಳಗೇ ಉಬ್ಬಿದೆ, ಆಚೆ ಹರಡಿಲ್ಲ, ಹಾಗಾಗಿ ಕೆಲಾಯ್ಡ್ ಅಲ್ಲ ಅಂತ ಡಾಕ್ಟರ್ ಧೈರ್ಯ ಹೇಳಿದರು. ಕಲೆಯೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ನೋವು ಚೆನ್ನಾಗೇ ಆಯಿತು. ತುರಿಕೆ ಎರಡು ವಾರದಲ್ಲಿ ನಿಂತಿತು, ಉಬ್ಬು ನಿಧಾನವಾಗಿ ತಗ್ಗಿತು. ಮಸಾಜ್‌ನಿಂದ ಬಗ್ಗದ ಉಬ್ಬನ್ನು ಇನ್ನೂ ಜೋರಾಗಿ ಉಜ್ಜುತ್ತಾ ಕೂರಬೇಡಿ, ತೋರಿಸಿ.

ಇವತ್ತು ಎಡತೋಳಿನ ಕಲೆ ತೆಳು ಕಂದು ಗೆರೆ. ಬಲತೋಳಿನದು ಇನ್ನೂ ಗುಲಾಬಿ, ಕಂಕುಳ ಹತ್ತಿರ ಒಂದಿಂಚು ಮುಟ್ಟಿದರೆ ಹುರಿಯ ಹಾಗೆ ಸಿಗುತ್ತದೆ. ಹಗಲು ಪಟ್ಟಿ ಬಿಟ್ಟಿದ್ದೇನೆ. ರಾತ್ರಿ ಹಾಕುವುದನ್ನು ವರ್ಷ ತುಂಬುವವರೆಗೆ ಮುಂದುವರಿಸುತ್ತೇನೆ. ಆ ಒಂದಿಂಚಿಗೆ ಇನ್ನೊಂದು ಇಂಜೆಕ್ಷನ್ ಬೇಕಾ ಅಂತ ಮುಂದಿನ ತಿಂಗಳು ನೋಡುತ್ತಾರೆ.